ಆ ಕಡೆ ಪಾರ್ಟಿಯ ದೊಡ್ಡವ್ವ

ನಮ್ಮ ಮನೆಯಲ್ಲಿ ಯಾರಿಗೂ ಇಂಗ್ಲಿಷ್ ಬರುತ್ತಿರಲಿಲ್ಲ. ಬಸ್ಸು, ಸ್ಕೂಲು, ಲಾಟೀನು ಇವೆಲ್ಲ ಇಂಗ್ಲಿಷ್ ಅಂತ ಯಾರೂ ಅಂದುಕೊಂಡೂ ಇರಲಿಲ್ಲ. ಆದರೆ ಒಂದು ಮಾತು ಎದ್ದಾಗಿನಿಂದ ಮಲಗುವ ತನಕ ಎಲ್ಲರ ಬಾಯಲ್ಲೂ ಇರುತ್ತಿತ್ತು. ಅದು ಪಾರ್ಟಿ. ರೇಷ್ಮೆಗೂಡು ಕೊಳ್ಳಲು ಕೊಳ್ಳೇಗಾಲದಿಂದ ಬರುವವನು ಪಾರ್ಟಿ. ಅರಿಶಿನಕ್ಕೆ ಈರೋಡಿನಿಂದ ಬರುವವನು ತಮಿಳು ಪಾರ್ಟಿ. ಗುಂಡ್ಲುಪೇಟೆ ದಾರಿಯಾಗಿ ಬಾಳೆಕಾಯಿಗೆ ಬಂದು, ಲುಂಗಿ ಎತ್ತಿ ಕಟ್ಟಿ ಜಗುಲಿಯ ಮೇಲೆ ಕೂತು ಹಾಲಿಲ್ಲದ ಕಾಪಿ ಕೇಳುತ್ತಿದ್ದವನು ಮಲೆಯಾಳದ ಪಾರ್ಟಿ. ಶಿವರಾತ್ರಿಗೆ ತಾಳ, ಹಾರ್ಮೋನಿಯಂ ಹೊತ್ತು ತರುವವರು ಭಜನೆ ಪಾರ್ಟಿ, ಬೇಸಗೆಯಲ್ಲಿ ಬಣ್ಣ ಬಳಿದುಕೊಳ್ಳುವವರು ಡ್ರಾಮಾ ಪಾರ್ಟಿ. ಕೋರ್ಟಿಗೆ ಅಲೆಯುವವನಿಗೆ ಎದುರು ಪಾರ್ಟಿ ಅಂತ ಒಬ್ಬ ಇರಲೇಬೇಕು. ಯಾವನಾದರೂ ಮಾತಿಗೆ ಸಿಕ್ಕದೆ ನುಣುಚಿಕೊಳ್ಳುವವನಾದರೆ 'ಭಾರಿ ಪಾರ್ಟಿ ಕಣ್ಲಾ ಅವ್ನು' ಅನ್ನುತ್ತಿದ್ದರು. ಓಟು ಕೇಳಲು ಜೀಪಿನಲ್ಲಿ ಬರುವವರದೂ ಪಾರ್ಟಿ, ಮೇಷ್ಟ್ರಿಗೆ ವರ್ಗವಾದಾಗ ಸ್ಕೂಲಿನಲ್ಲಿ ಖಾರಾಬೂಂದಿ ಹಂಚಿ ಟೀ ಕೊಟ್ಟದ್ದೂ ಪಾರ್ಟಿ. ಇಷ್ಟೊಂದು ಕೆಲಸವನ್ನು ಒಂದೇ ಮಾತಿನ ಕೈಲಿ ಮಾಡಿಸಿದರೆ ಅದು ಬಡವಾಗದೆ ಇರುತ್ತದೆಯೇ ಅಂತ ಈಗ ನಗು ಬರುತ್ತದೆ. ಆದರೆ ಇವೆಲ್ಲ ಬಂದು ಹೋಗುವ ಪಾರ್ಟಿಗಳು. ಇನ್ನೊಂದಿತ್ತು. ಊರು ಒಡೆದು ಎರಡು ಹೋಳಾದರೆ ಆ ಒಂದೊಂದು ಹೋಳಿಗೂ ಪಾರ್ಟಿ ಅನ್ನುತ್ತಿದ್ದರು. ಅದು ಬಂದು ಹೋಗುವಂಥದ್ದಲ್ಲ. ನಮ್ಮ ಮನೆಗೆ ಬಂದದ್ದು ನಡುಮನೆಯಲ್ಲೇ ಕೂತುಬಿಟ್ಟಿತು.

ಮೊನ್ನೆ ಮರಿಮಗನ ಹುಟ್ಟಿದ ಹಬ್ಬಕ್ಕೆ ಮೊಮ್ಮಗಳು ಹೊಸ ಸೀರೆ ತಂದುಕೊಟ್ಟು, 'ಸಂಜೆ ಪಾರ್ಟಿ ಅಜ್ಜಿ, ಬೇಗ ರೆಡಿಯಾಗು' ಅಂದಳು. ಆಗಲಿ ಅಂದೆ.  ಆದರೆ ಇಷ್ಟು ವಯಸ್ಸಾದ ಮೇಲೂ ಆ ಮಾತು ಕಿವಿಗೆ ಬಿದ್ದರೆ ಸಾಕು, ಬೆಲೂನು, ಕೇಕು ಏನೇ ಕಣ್ಣ ಮುಂದಿದ್ದರೂ ನನಗೆ ಕಾಣುವುದು ಮನೆ ನಡುವಿನ ಒಂದು ತೊಟ್ಟಿ, ಅದರ ಆಚೆ ಅಂಚಿನಲ್ಲಿ ಬೆನ್ನು ತಿರುಗಿಸಿ ಕೂತ ಒಬ್ಬ ಹೆಂಗಸು.

ಹರವೆಗೂ ಭೀಮನಬೀಡಿಗೂ ನಡುವೆ ಎಲ್ಲೋ ಒಂದು ಊರು ಅಂದುಕೊಳ್ಳಿ. ಹೆಸರು ಹೇಳಿದರೆ ಇವತ್ತಿಗೂ ಎರಡು ಕಡೆಯವರೂ ನನ್ನ ಮೇಲೆ ಬೀಳುತ್ತಾರೆ. ನಮ್ಮದು ತೊಟ್ಟಿ ಮನೆ. ನಡುವೆ ಆಕಾಶಕ್ಕೆ ತೆರೆದ ಚೌಕ, ಸುತ್ತ ಕಂಬಗಳು, ಕಂಬಗಳ ಹಿಂದೆ ಕತ್ತಲೆ ಕೋಣೆಗಳು. ಬಾಗಿಲ ಪಕ್ಕದ ಕೊಟ್ಟಿಗೆಯಲ್ಲಿ ಎತ್ತು, ಹಸು, ಒಂದು ಕರು. ಮನೆಯ ಯಜಮಾನಿಕೆ ಅಪ್ಪನ ಅಣ್ಣನದು, ಅಂದರೆ ನನ್ನ ದೊಡ್ಡಪ್ಪನದು. ದೊಡ್ಡಪ್ಪನ ಹೆಂಡತಿ ದೊಡ್ಡವ್ವ, ಕುದೇರಿನ ಕಡೆಯ ಮಗಳು. ಎತ್ತರದ ಮೈಕಟ್ಟು, ಉದ್ದನೆಯ ಬೆರಳು, ಮಾತು ಕಡ್ಡಿ ಮುರಿದ ಹಾಗೆ. ಅವಳಿಗೆ ಮಕ್ಕಳಾಗಲಿಲ್ಲ. ನಾನು ಇನ್ನೂ ಹಾಲು ಬಿಟ್ಟಿರಲಿಲ್ಲ, ಅಷ್ಟರಲ್ಲಿ ಅವ್ವನಿಗೆ ನನ್ನ ತಮ್ಮ ಹುಟ್ಟಿದ. ಎರಡು ಕೂಸು ಸಾಕುವ ತ್ರಾಣ ಅವ್ವನಿಗಿರಲಿಲ್ಲ. ಅಜ್ಜಿ ಒಂದು ಸೋಮವಾರ ನನ್ನನ್ನು ಎತ್ತಿ ತಂದು ದೊಡ್ಡವ್ವನ ಮಡಿಲಿಗೆ ಹಾಕಿ, ಅಕ್ಕಿ ಬೆಲ್ಲ ಸುರಿದು, ಇಗೋ ನಿಂದು ಅಂದಳಂತೆ. ಪತ್ರವಿಲ್ಲ, ಸಾಕ್ಷಿಯಿಲ್ಲ. ಅಲ್ಲಿಂದ ಮುಂದೆ ನಾನು ಮಲಗಿದ್ದು ಅವಳ ಸೆರಗಿನಲ್ಲಿ, ಉಂಡದ್ದು ಅವಳ ಕೈಯಲ್ಲಿ. ಮುದ್ದೆಯನ್ನು ಚೂರು ಚೂರು ಮುರಿದು, ಉಪ್ಸಾರಿನಲ್ಲಿ ಅದ್ದಿ, ನನ್ನ ಬಾಯಿಗಿಟ್ಟು, ನುಂಗಿದೆನೋ ಇಲ್ಲವೋ ಅಂತ ಗಂಟಲು ನೋಡುತ್ತಿದ್ದಳು. ಸ್ಕೂಲಿಗೆ ಹೋಗುವಷ್ಟು ದೊಡ್ಡವಳಾದರೂ ನಾನು ಕೈಯಾರೆ ಉಂಡವಳಲ್ಲ. ಅವ್ವ ಎದುರು ಕೋಣೆಯಲ್ಲಿದ್ದಳು, ಒಳ್ಳೆಯವಳು, ನನ್ನ ತಮ್ಮನ ತಾಯಿ. ನನ್ನ ಲೆಕ್ಕದಲ್ಲಿ ಅವಳು ಅಷ್ಟೇ ಆಗಿದ್ದಳು.

ಊರು ಒಡೆದದ್ದು ಒಂದು ವೀಳ್ಯಕ್ಕೆ. ನಮ್ಮ ಕಡೆ ಮದುವೆಯಲ್ಲಿ ವೀಳ್ಯ ಕೊಡುವುದಕ್ಕೆ ಒಂದು ಸಾಲು ಉಂಟು. ಮೊದಲ ವೀಳ್ಯ ಇಂಥವರಿಗೆ, ಆಮೇಲೆ ಇಂಥ ಮನೆಗೆ, ಆಮೇಲೆ ಇಂಥ ಊರಿಗೆ ಅಂತ. ಸಾಲು ತಪ್ಪಿದರೆ ಮುಗಿಯಿತು, ಉಂಡ ಎಲೆ ಬಿಟ್ಟು ಎದ್ದು ಹೋಗುತ್ತಾರೆ. ಆ ವರ್ಷ ಪಂಚಾಯ್ತಿ ಎಲೆಕ್ಷನ್ನಿನಲ್ಲಿ ಕೆಳಬೀದಿಯ ಯಜಮಾನ ಗೆದ್ದು ಛೇರ್ಮನ್ ಆಗಿದ್ದ. ಎಲೆಕ್ಷನ್ ಆದ ಮೇಲಿನ ಮೊದಲ ಮದುವೆಯಲ್ಲಿ, ಯಾವಾಗಲೂ ಮೊದಲ ವೀಳ್ಯ ತೆಗೆದುಕೊಳ್ಳುತ್ತಿದ್ದ ಮೇಲ್ಬೀದಿಯ ಪಟೇಲ ಕೈ ಚಾಚುವ ಹೊತ್ತಿಗೆ ತಟ್ಟೆ ಛೇರ್ಮನ್ನನ ಮುಂದೆ ಹೋಯಿತು. ಅಲ್ಲೇ ಕೂಗಾಟ, ಪಂಚೆ ಎತ್ತಿ ಕಟ್ಟಿದ್ದು, ಚಪ್ಪರದ ಕಂಬ ಕಿತ್ತದ್ದು. ದೊಡ್ಡಪ್ಪ ಪಟೇಲನ ಗೆಣೆಕಾರ, ಜೀವದ ಗೆಳೆಯ. ಅಪ್ಪ ಎಲೆಕ್ಷನ್ನಿನಲ್ಲಿ ಛೇರ್ಮನ್ನನ ಹಿಂದೆ ಓಡಾಡಿದವನು. ನಮ್ಮ ಅಪ್ಪ ಅಂದರೆ ಮನೆಗೆ ಮಾರಿ, ಊರಿಗೆ ಉಪಕಾರಿ. ಮನೆಯ ಹಂಚು ಸೋರುತ್ತಿದ್ದರೂ ಊರಿನವರ ಚಪ್ಪರಕ್ಕೆ ಬಿದಿರ ಗಳು ಹೊರುವವನು. ಮದುವೆಯಿಂದ ಅಣ್ಣ ತಮ್ಮ ಇಬ್ಬರೂ ಬೇರೆ ಬೇರೆ ದಾರಿಯಲ್ಲಿ ಮನೆಗೆ ಬಂದರು.

ಮಾರನೆಯ ದಿನ ಎರಡು ಪಾರ್ಟಿಯವರೂ ಒಬ್ಬರಾದ ಮೇಲೆ ಒಬ್ಬರು ಮಠಕ್ಕೆ ಹೋಗಿ, ವಿಭೂತಿಗಟ್ಟಿ ಹಿಡಿದು ಆಣೆ ಮಾಡಿಬಂದರು. ಆ ಕಡೆಯವರಿಗೆ ಬೆಂಕಿ ಕೊಡಕೂಡದು, ನೀರು ಕೊಡಕೂಡದು, ಮಜ್ಜಿಗೆ ಕೊಡಕೂಡದು, ಮಾತಾಡಕೂಡದು. ತಪ್ಪಿದವರು ಮಠದ ಹೊಸ್ತಿಲಲ್ಲಿ ಪಾರ್ಟಿಯವರೆಲ್ಲರ ಮುಂದೆ ಅಡ್ಡಬಿದ್ದು ತಪ್ಪಾಯ್ತು ಅನ್ನಬೇಕು. ಬೇರೆ ಮನೆಗಳಿಗೆ ಇದು ಬೀದಿಯ ಮಾತು. ನಮಗೆ ತೊಟ್ಟಿಯ ಆಚೆ ಈಚೆಯ ಮಾತು. ಅಂದು ಸಂಜೆ ಅಪ್ಪ ಹೊಸದಾಗಿ ಮಣ್ಣು ಕಲಸಿ ನಮ್ಮ ಕಡೆಯ ಪಡಸಾಲೆಯಲ್ಲಿ ಒಲೆ ಹಾಕಿದ. ಹಿತ್ತಿಲ ಬಾವಿ ಒಂದೇ. ಅದನ್ನು ಒಡೆಯಲು ಬರುವುದಿಲ್ಲವಲ್ಲ, ಹಗ್ಗ ಎರಡಾಯಿತು. ಆಮೇಲೆ ಅಪ್ಪ ದೊಡ್ಡವ್ವನ ಕೋಣೆಯ ಬಾಗಿಲಿಗೆ ಬಂದು, ಅವಳನ್ನು ನೋಡದೆ ನನ್ನನ್ನೇ ನೋಡುತ್ತ ಹೇಳಿದ.

"ಮಾದೇವಿ, ನಿನ್ ಚಾಪೆ ದಿಂಬು ತಕ್ಕಂಡು ಬಾ. ನೀನು ನಮ್ ಪಾರ್ಟಿ."

"ನಾನ್ ದೊಡ್ಡವ್ವನ ಪಾರ್ಟಿ" ಅಂದೆ.

"ಹಂಗೆಲ್ಲ ಆಗಾಕಿಲ್ಲ ಕಣಮ್ಮಿ. ಹುಟ್ಟಿದ್ ಮನೆ ಯಾವ್ದೋ ಅದೇ ಪಾರ್ಟಿ."

ದೊಡ್ಡವ್ವ ಏನಾದರೂ ಹೇಳುತ್ತಾಳೆ ಅಂತ ನಾನು ಅವಳ ಮುಖ ನೋಡಿದೆ. ಬಾಗಿಲಲ್ಲಿ ಬೈಯುವ ಬಾಯಿ ಅವಳದು, ಗೂಡಿನ ಪಾರ್ಟಿ ತೂಕದಲ್ಲಿ ಮೋಸ ಮಾಡಿದರೆ ತಕ್ಕಡಿಯನ್ನೇ ಕಸಿದುಕೊಂಡವಳು. ಅಂಥವಳು ನನ್ನ ಚಾಪೆಯನ್ನು ತಾನೇ ಸುತ್ತಿ, ದಿಂಬಿನ ಮೇಲೆ ಅಂಟಿದ್ದ ಹತ್ತಿಯನ್ನು ಬಿಡಿಸಿ, ನನ್ನ ಎರಡು ಕೈಗೂ ಕೊಟ್ಟಳು. ನಾನು ತೊಟ್ಟಿ ಸುತ್ತಿ ಈ ಕಡೆ ಬಂದೆ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅಂತ ಗಾದೆ. ನಮ್ಮ ಮನೆಯಲ್ಲಿ ಜಗಳ ಅಣ್ಣ ತಮ್ಮಂದಿರದು, ಬಡವಾದದ್ದು ಮಾತ್ರ ಕೂಸೇ.

ಒಂಟಿತನ ಅಂದರೆ ಯಾರೂ ಇಲ್ಲದಿರುವುದು ಅಂತ ಜನ ಹೇಳುತ್ತಾರೆ. ನನಗೆ ಹಾಗಲ್ಲ. ನನಗೆ ಬೇಕಾದವಳು ಬೆಳಗಿನಿಂದ ಸಂಜೆಯವರೆಗೆ ಕಣ್ಣೆದುರೇ ಇದ್ದಳು. ರಾಗಿ ಬೀಸುತ್ತಿದ್ದಳು, ಸೊಪ್ಪು ಬಿಡಿಸುತ್ತಿದ್ದಳು, ತಲೆ ಬಾಚಿ ಗಂಟು ಹಾಕಿಕೊಳ್ಳುತ್ತಿದ್ದಳು. ಆ ಕೆಲಸಗಳಲ್ಲೆಲ್ಲ ಅವಳ ಪಕ್ಕದಲ್ಲಿ ನಾನು ಕೂರುತ್ತಿದ್ದ ಜಾಗ ಖಾಲಿ ಇರುತ್ತಿತ್ತು, ಅದನ್ನು ಈ ಕಡೆಯಿಂದ ನಾನೇ ನೋಡುತ್ತಿದ್ದೆ. ಸ್ಕೂಲಿನಲ್ಲೂ ಮಕ್ಕಳು ಪಾರ್ಟಿ ಪ್ರಕಾರವೇ ಕೂರುತ್ತಿದ್ದವು. ನಮ್ಮ ಕಡೆಯವರು ನನ್ನನ್ನು ಅರ್ಧ ನಂಬುತ್ತಿದ್ದರು, ಇವಳು ಆ ಕಡೆ ಉಂಡು ಬೆಳೆದವಳು ಅಂತ. ಆ ಕಡೆಯವರು ಪೂರಾ ನಂಬುತ್ತಿರಲಿಲ್ಲ. ಸ್ಲೇಟು ಹಿಡಿದು ನಾನು ಗೋಡೆಯ ಪಕ್ಕ ಒಬ್ಬಳೇ ಕೂರುತ್ತಿದ್ದೆ. ಮನೆಗೆ ಬಂದರೆ ಅವ್ವ ನನ್ನ ಜಡೆ ಹೆಣೆಯಲು ಕರೆಯುತ್ತಿದ್ದಳು. ಅವಳ ಕೈ ಒರಟಲ್ಲ, ಆದರೂ ನಾನು ತಲೆ ಬಿಗಿಹಿಡಿಯುತ್ತಿದ್ದೆ. ಒಂದು ದಿನ ಬಾಚಣಿಗೆ ಕೆಳಗಿಟ್ಟು ಅವ್ವ ಸೋತವಳಂತೆ ಹೇಳಿದಳು.

"ಹೆತ್ತೋಳು ನಾನೇ ಕಣಮ್ಮಿ. ಒಂದ್ ಸಲ ನನ್ನೂ ತಿರುಗ್ ನೋಡು."

ನಾನು ನೋಡಲಿಲ್ಲ. ನನ್ನ ಕಣ್ಣು ತೊಟ್ಟಿಯ ಆ ಕಡೆಗಿತ್ತು. ಪಾಪ, ಅವ್ವನೂ ಆ ಮನೆಯಲ್ಲಿ ಒಬ್ಬಳೇ ಇದ್ದಳು ಅನ್ನುವುದು ನನಗೆ ಹೊಳೆದದ್ದು ನಾನೇ ಹೆತ್ತ ಮೇಲೆ.

ದೊಡ್ಡವ್ವ ಒಂದು ದಾರಿ ಕಂಡುಕೊಂಡಳು. ಮನುಷ್ಯರ ಹತ್ತಿರ ಮಾತಾಡಕೂಡದು ಅಂತ ಆಣೆ, ದನದ ಹತ್ತಿರ ಮಾತಾಡಕೂಡದು ಅಂತ ಅಲ್ಲವಲ್ಲ. ಹುಲ್ಲು ಹಾಕಲು ಕೊಟ್ಟಿಗೆಗೆ ಹೋದಾಗ ಕರುವಿನ ಕುತ್ತಿಗೆ ಕೆರೆಯುತ್ತ ಶುರುಮಾಡುತ್ತಿದ್ದಳು.

"ಏನವ್ವ ಕರ, ತಲೆ ಹಂಗ್ ಕೆದರ್ಕಂಡು ಸ್ಕೂಲ್ಗೋದ್ರೆ ಮೇಷ್ಟ್ರು ಏನಂದಾರು? ಅವ್ವನ್ ಕೈಲಿ ಬಾಚಿಸ್ಕಬಾರ್ದ?"

ಈ ಕಡೆ ಕಂಬಕ್ಕೆ ಒರಗಿದ ನಾನು ಕಂಬಕ್ಕೇ ಉತ್ತರ ಹೇಳುತ್ತಿದ್ದೆ.

"ಕಂಬ, ನಂಗೆ ಅವ್ವ ಬಾಚದು ಬ್ಯಾಡ."

"ಕರ, ಹಠ ಮಾಡಬ್ಯಾಡ. ಉಂಡಾ? ಕೈಯಾರೆ ಉಣ್ಣದ್ ಕಲ್ತ್ಕಂಡಾ?"

"ಕಂಬ, ನಾನ್ ಅರ್ಧ ಮುದ್ದೆ ಉಂಡೆ."

ಆ ಕರು ನನ್ನ ದೆಸೆಯಿಂದ ಬೈಸಿಕೊಂಡದ್ದಕ್ಕೆ, ಮುದ್ದಿಸಿಕೊಂಡದ್ದಕ್ಕೆ ಲೆಕ್ಕವಿಲ್ಲ. ದೊಡ್ಡಪ್ಪನಿಗೂ ಇದು ಕೇಳಿಸುತ್ತಿತ್ತು. ಜಗುಲಿಯಲ್ಲಿ ಕೂತು ಕೆಮ್ಮಿ ಸುಮ್ಮನಾಗುತ್ತಿದ್ದ. ಅವನೇನು ರಾಕ್ಷಸನಲ್ಲ. ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಹಿಪ್ಪುನೇರಳೆ ತೋಟ ತಿರುಗಿಸಿದವನು. ಆದರೆ ಗಂಡಸರಿಗೆ ಪಾರ್ಟಿ ಅನ್ನುವುದು ಮೈಮೇಲೆ ದೇವರು ಬಂದ ಹಾಗೆ, ಅದು ಇಳಿಯುವ ತನಕ ಹೆಂಡತಿ ಮಕ್ಕಳ ಗುರುತು ಹತ್ತುವುದಿಲ್ಲ. ಹೀಗೇ ಒಂದು ಸುಗ್ಗಿ ಕಳೆಯಿತು.

ಆಮೇಲೆ ನನಗೆ ಜ್ವರ ಬಂತು. ಎಂಥ ಜ್ವರವೋ, ಮೈ ಕೆಂಡವಾಗಿತ್ತಂತೆ. ಅವ್ವ ಕಷಾಯ ಕುಡಿಸಿದಳು, ಹಣೆಗೆ ಒದ್ದೆ ಬಟ್ಟೆ ಹಾಕಿದಳು. ಏನು ಕೊಟ್ಟರೂ ನಾನು ಬಾಯಿ ತೆರೆಯಲಿಲ್ಲ. ಹಠವಲ್ಲ, ಗಂಟಲೇ ತೆರೆಯುತ್ತಿರಲಿಲ್ಲ. ನೀರೂ ಇಳಿಯದೆ ತುಟಿ ಒಡೆದಾಗ ಅವ್ವ ತೊಟ್ಟಿಯ ಅಂಚಿಗೆ ಬಂದು ನಿಂತು ಯಾರನ್ನೂ ನೋಡದೆ ಹೇಳಿದಳಂತೆ, 'ಕರ ಏನೂ ತಿಂತಿಲ್ಲ, ಉಳ್ಯಾಂಗ್ ಕಾಣಾಕಿಲ್ಲ' ಅಂತ. ಅಷ್ಟೇ ಸಾಕಾಯಿತು. ದೊಡ್ಡವ್ವ ಸುತ್ತು ಹಾಕಿ ಬರಲೂ ಇಲ್ಲ, ಹಾಡು ಹಗಲಿನಲ್ಲಿ ತೊಟ್ಟಿಗೇ ಇಳಿದು ನೇರ ಹಾಯ್ದು ಈ ಕಡೆ ಹತ್ತಿದಳು. ಕೈಯಲ್ಲಿ ರಾಗಿ ಗಂಜಿಯ ಬಟ್ಟಲು. ನನಗೆ ನೆನಪಿರುವುದು ಬಾಯಿಗೆ ತಾಗಿದ ಬೆರಳು, ಅದರ ಬೆಳ್ಳುಳ್ಳಿ ವಾಸನೆ, ಗಂಟಲು ನೋಡುವ ಆ ಕಣ್ಣು. ನಾನು ನುಂಗಿದೆ. ಜ್ವರ ಬಿಡುವ ತನಕ ಅವಳು ನಮ್ಮ ಕಡೆಯೇ ಕೂತಿದ್ದಳು. ಅಪ್ಪ ಹೊಲದಿಂದ ಬಂದು ನೋಡಿ, ಕಾಲು ತೊಳೆದು, ಹೊರಗೆ ಹೋದ. ಅಪ್ಪನ ಬಾಯಿ ಮುಚ್ಚಿತ್ತು. ನಮ್ಮ ತೆರೆದ ಬಾಗಿಲಿನಿಂದ ನೋಡಿ ಹೋದವರ ಬಾಯಿ ಮುಚ್ಚಲಿಲ್ಲ.

ದೊಡ್ಡಪ್ಪನನ್ನು ಅವನ ಪಾರ್ಟಿಯವರು ಮಠಕ್ಕೆ ಕರೆಸಿದರು. ಹೆಂಡತಿ ತಪ್ಪಿದರೆ ಗಂಡ ತಪ್ಪಿದ ಹಾಗೆ. ಅವನು ಹೊಸ್ತಿಲಲ್ಲಿ ಅಡ್ಡಬಿದ್ದು ತಪ್ಪಾಯ್ತು ಅಂದನಂತೆ. ಪಟೇಲ ನಕ್ಕನಂತೆ. ಮನೆಗೆ ಬಂದಾಗ ಅವನ ಹಣೆಯಲ್ಲಿ ಹೊಸ್ತಿಲ ಮಣ್ಣಿತ್ತು. ಉಣ್ಣಲು ಕರೆದರೆ ಏಳಲಿಲ್ಲ. ನಾನು ಚೇತರಿಸಿಕೊಂಡು ಕಂಬಕ್ಕೆ ಒರಗಿ ಬಿಸಿಲು ಕಾಯುತ್ತಿದ್ದೆ, ಆದ್ದರಿಂದ ಎಲ್ಲ ಕೇಳಿಸಿತು.

"ನಾನ್ ಹುಟ್ಟಿದಾಗಿಂದ ಯಾವ ನನ್ ಮಗನ್ ಮುಂದೂ ಬಗ್ಗಿರ್ನಿಲ್ಲ. ಇವತ್ ಬಗ್ಗಿಸ್ಬುಟ್ಟೆ ನೀನು."

"ಕೂಸು ಸಾಯ್ತಿತ್ತು" ಅಂದಳು ದೊಡ್ಡವ್ವ.

"ಅದ್ಕೆ ಹೆತ್ತೋರವ್ರೆ. ಇನ್ ಈ ತಪ್ಪು ಆಗಬಾರ್ದು. ಆಣೆ ಮಾಡು."

"ನಿಮ್ ಪಾದದಾಣೆ."

"ನನ್ ಪಾದ ಬ್ಯಾಡ. ಇಂಥ ಆಣೆ ಬೇಕಾದಷ್ಟ್ ಮಾಡಿ ಮುರ್ದಿದ್ದೀಯೆ. ಆ ಕೂಸಿನ್ ತಲೆ ಮುಟ್ಟಿ ಹೇಳು, ನಂಬ್ತೀನಿ."

ದೊಡ್ಡವ್ವ ಸೆರಗಿಗೆ ಕೈ ಒರೆಸಿಕೊಂಡಳು. ಆಮೇಲೆ ತೊಟ್ಟಿ ಸುತ್ತಿ ನನ್ನ ಹತ್ತಿರ ಬಂದಳು. ಅವಳ ಕೈ ನನ್ನ ತಲೆಯ ಮೇಲೆ ಬಿತ್ತು. ಅಯ್ಯೋ, ನನಗೆ ಆಗ ಆದ ಸಂತೋಷ ಹೇಳತೀರದು. ಮತ್ತೆ ಕರೆದುಕೊಂಡು ಹೋಗಲು ಬಂದಳು ಅಂದುಕೊಂಡು, ಎದ್ದು ನಿಲ್ಲಲು ಅವಳ ಸೀರೆ ಹಿಡಿದೆ. ಅವಳು ನನ್ನನ್ನು ನೋಡಲಿಲ್ಲ. ಆಕಾಶ ಕಾಣುವ ಆ ಚೌಕದ ಕಡೆ ಮುಖ ಎತ್ತಿ ಒಂದೇ ಉಸುರಿಗೆ ಹೇಳಿದಳು.

"ಈ ಕೂಸ ನಂದು ಅನ್ನಾಕಿಲ್ಲ. ನನ್ ಕೈಯಿಂದ ಉಣ್ಣಾಕ್ ಇಕ್ಕಾಕಿಲ್ಲ. ಮಡ್ಲಿಗೆ ಕರಿಯಾಕಿಲ್ಲ. ಶಿವನಾಣೆ, ಈ ತಲೆ ಆಣೆ."

ಅಡುಗೆ ಮಾಡುತ್ತಿದ್ದ ಅವ್ವ ಸೌಟು ಹಿಡಿದೇ ಓಡಿ ಬಂದು, 'ಅಕ್ಕ, ಕೈ ತಗಿ, ಏನ್ ಮಾಡ್ಬುಟ್ಟೆ' ಅಂತ ಅವಳ ಕೈಯನ್ನು ನನ್ನ ತಲೆಯಿಂದ ಕಿತ್ತಳು. ಅಷ್ಟರಲ್ಲಿ ಮಾತು ಆಡಿ ಆಗಿತ್ತು. ಅಂದಿನಿಂದ ಕರುವಿನ ಹತ್ತಿರ ಮಾತೂ ನಿಂತಿತು. ನಾನು ಕಂಬಕ್ಕೆ ಎಷ್ಟೋ ಸಂಗತಿ ಹೇಳಿದೆ. ಆ ಕಡೆಯಿಂದ ಸೊಪ್ಪು ಬಿಡಿಸುವ ಸದ್ದು ಬಿಟ್ಟರೆ ಬೇರೇನೂ ಬರಲಿಲ್ಲ. ಮನೆಯಲ್ಲಿ ಅಷ್ಟು ಜನರಿದ್ದೂ ನನ್ನ ಮಾತು ನನಗೇ ಕೇಳಿಸುತ್ತಿತ್ತು.

ಪಾರ್ಟಿ ಒಡೆದದ್ದು ಹೇಗೋ ಸೇರಿದ್ದೂ ಹಾಗೇ. ಪಟೇಲನ ಮಗಳಿಗೆ ಛೇರ್ಮನ್ನನ ಮಗ ಒಪ್ಪಿಗೆಯಾದ. ಜಮೀನು ಜಮೀನಿಗೆ ಅಂಟಿಕೊಂಡಿತ್ತು, ಜಾತಕವೂ ಕೂಡಿತು. ನಮ್ಮನ್ನೆಲ್ಲ ಬಡಿದಾಡಿಸಿದವರಿಬ್ಬರೂ ಬೀಗರಾಗಿ, ಒಂದೇ ಗಾಡಿಯಲ್ಲಿ ಜವಳಿ ತರಲು ಚಾಮರಾಜನಗರಕ್ಕೆ ಹೋದರು. ಊರವರು ಬಾಯಿ ಬಿಟ್ಟುಕೊಂಡು ನೋಡಿದರು. ಒಂದು ಸೋಮವಾರ ಗಂಡಸರೆಲ್ಲ ಮಠದಲ್ಲಿ ಸೇರಿದರು. ಮಠದಯ್ಯನವರು ಒಬ್ಬೊಬ್ಬರನ್ನೇ ಕರೆದು, ವಿಭೂತಿ ಹಚ್ಚಿ, ತೀರ್ಥ ಕೊಟ್ಟು, ಮಾಡಿದ ಆಣೆ ಬಿಡಿಸಿದರು. ಅಪ್ಪ ದೊಡ್ಡಪ್ಪ ಒಬ್ಬರಿಗೊಬ್ಬರು ವೀಳ್ಯ ಕೊಟ್ಟುಕೊಂಡರು, ಅತ್ತರಂತೆ ಕೂಡ. ಹಿಂದಿರುಗಿ ಬಂದ ದೊಡ್ಡಪ್ಪ ನಮ್ಮ ಕಡೆಯ ಒಲೆಯನ್ನು ತಾನೇ ಗುದ್ದಲಿಯಿಂದ ಕಿತ್ತ. ಬಾವಿಗೆ ಮತ್ತೆ ಒಂದೇ ಹಗ್ಗ. ಅಂದು ಮನೆಯಲ್ಲಿ ಒಬ್ಬಟ್ಟು, ಪಾಯಸ. ತೊಟ್ಟಿಯ ಸುತ್ತ ಎಲೆ ಹಾಕಿ ಮಕ್ಕಳನ್ನು ಮೊದಲು ಕೂರಿಸಿದರು. ದೊಡ್ಡಪ್ಪ ನನ್ನ ಬೆನ್ನು ತಟ್ಟಿ ಹೇಳಿದ.

"ಇನ್ನೇನ್ ಕಣಮ್ಮಿ, ಪಾರ್ಟಿಗೀರ್ಟಿ ಎಲ್ಲ ಮುಗೀತು. ಓಗು, ನಿನ್ ದೊಡ್ಡವ್ವನ್ ತಾವೇ ಉಣ್ಣೋಗು."

ಪಾಯಸದ ಪಾತ್ರೆ ಹಿಡಿದು ದೊಡ್ಡವ್ವ ಸಾಲಿನಲ್ಲಿ ಬಡಿಸುತ್ತ ಬಂದಳು. ನನ್ನ ತಮ್ಮನ ಎಲೆಗೆ ಹಾಕಿದಳು. ಪಕ್ಕದ ಮನೆಯ ಹುಡುಗಿಗೆ ಹಾಕಿದಳು. ನನ್ನ ಎಲೆಯ ಮುಂದೆ ಬಂದು ನಿಂತಳು. ನಾನು ಬಾಯಿ ತೆರೆದೆ, ಹೌದು, ಅಷ್ಟು ದೊಡ್ಡ ಹುಡುಗಿ, ಎಲ್ಲರ ಮುಂದೆ ಹಕ್ಕಿಮರಿಯ ಹಾಗೆ ಬಾಯಿ ತೆರೆದೆ. ಅವಳು ಪಾತ್ರೆಯನ್ನು ಅವ್ವನ ಕಡೆ ಚಾಚಿದಳು.

"ಈ ಎಲೆಗೆ ನೀನ್ ಬಡ್ಸವ್ವ."

ಸಿಟ್ಟು ಅಂದುಕೊಂಡೆ. ನಾನು ಈ ಕಡೆ ಬಂದದ್ದಕ್ಕೆ ಅವಳಿಗೆ ನನ್ನ ಮೇಲೆ ಇನ್ನೂ ಸಿಟ್ಟಿದೆ ಅಂದುಕೊಂಡೆ. ಪಾಯಸ ಮುಟ್ಟದೆ ಎದ್ದು ಅವಳ ಹಿಂದೆ ಹಿತ್ತಿಲಿಗೆ ಹೋದೆ. ಅವಳು ಬಾವಿಕಟ್ಟೆಯ ಹತ್ತಿರ ಪಾತ್ರೆಗೆ ಬೂದಿ ಹಾಕಿ ಉಜ್ಜುತ್ತಿದ್ದಳು. ಸೆರಗು ಹಿಡಿದು ಎಳೆದೆ. ಕೈಯಲ್ಲಿ ಮಸಿ ಇದೆ ಅನ್ನುವ ನೆವ ಮಾಡಿಕೊಂಡು ಅವಳು ಕೈ ಹಿಂದೆ ಸರಿಸಿದಳು. ಯಾಕೆ ಅಂತ ಹೇಳುವ ತನಕ ನಾನು ಬಿಡಲಿಲ್ಲ. ಕೊನೆಗೆ 'ಆಣೆ ಅದೆ ಕಣಮ್ಮಿ' ಅಂದಳು.

"ಎಲ್ಲರ ಆಣೆನೂ ಬುಡಿಸವ್ರಂತೆ ದೊಡ್ಡವ್ವ."

"ಗಂಡಸ್ರದು ಬುಡಿಸವ್ರೆ. ಮಠದಲ್ ಮಾಡಿದ್ದ ಮಠದಲ್ ಬುಡಿಸಿದ್ರು. ಮನೇಲ್ ಮಾಡಿದ್ದ ಯಾರ್ ಬುಡಿಸ್ತಾರೆ?"

"ಹಂಗಾರೆ ಮುರ್ದಾಕು. ನೀನು ಎಷ್ಟೋ ಆಣೆ ಮುರ್ದಿದ್ದೀಯಂತೆ."

ಅವಳು ಉಜ್ಜುವುದನ್ನು ನಿಲ್ಲಿಸಿ, ಅಷ್ಟು ದಿನಗಳಾದ ಮೇಲೆ ಮೊದಲ ಸಲ ನನ್ನ ಮುಖವನ್ನು ನೇರ ನೋಡಿದಳು.

"ನನ್ ತಲೆ ಆಣೆ ಆಗಿದ್ರೆ ಯಾವತ್ತೋ ಮುರೀತಿದ್ದೆ ಕಣಮ್ಮಿ. ನಿನ್ ತಲೆ."

ಮಾರನೆಯ ದಿನ ನಾನೊಬ್ಬಳೇ ಮಠಕ್ಕೆ ಹೋದೆ. ಹೆಣ್ಣು ಮಕ್ಕಳು ಹಬ್ಬ ಹುಣ್ಣಿಮೆಗಲ್ಲದೆ ಹೋಗುತ್ತಿದ್ದ ಜಾಗವಲ್ಲ ಅದು. ಅಯ್ಯನವರು ಬಿಲ್ವಪತ್ರೆ ಆರಿಸುತ್ತ ಕೂತಿದ್ದರು. ನಾನು ದೂರ ನಿಂತು, 'ಬುದ್ಧಿ, ನಮ್ ದೊಡ್ಡವ್ವನ್ ಆಣೆ ಬುಡಿಸ್ಕೊಡಿ' ಅಂದೆ. ಅವರು ನಗಲಿಲ್ಲ. ಹತ್ತಿರ ಕೂರಿಸಿಕೊಂಡು ಎಲ್ಲ ಕೇಳಿದರು. ಮಾಡಿದವಳು, ಮಾಡಿಸಿದವನು ಇಬ್ಬರೂ ಇಲ್ಲಿಗೆ ಬರಬೇಕು ಮಗಳೇ, ಬಂದರೆ ಒಂದು ಚಿಟಿಕೆ ವಿಭೂತಿಯ ಕೆಲಸ ಅಂದರು. ಸಂಜೆ ತಾವೇ ಕೋಲು ಊರಿಕೊಂಡು ನಮ್ಮ ಮನೆಗೆ ಬಂದು ದೊಡ್ಡಪ್ಪನಿಗೂ ಹೇಳಿದರು. ದೊಡ್ಡಪ್ಪ ಚಾಪೆ ಹಾಸಿ, ಹಾಲು ಕೊಟ್ಟು, ಕೈ ಕಟ್ಟಿಕೊಂಡು ನಿಂತ.

"ಒಲೆ ಮುಂದಿನ್ ಮಾತು ಬುದ್ಧಿ ಅದು. ಹೆಂಗಸ್ರ ಆಣೆಗೂ ಮಠ ಬೇಕಾ? ಇಲ್ಲೇ ಹೇಳ್ತೀನಿ, ಬುಟ್ಟೆ. ಆಯ್ತಲ್ಲ."

"ನೀನ್ ಬಿಟ್ರೆ ಸಾಕಾ? ಅವಳು ನಂಬಬೇಕಲ್ಲಪ್ಪ. ನಾಳೆ ಇಬ್ರೂ ಬಂದು ಹೋಗಿ."

"ಆ ಹೊಸ್ತಿಲ್ ತಾವ ಒಂದ್ ಸಲ ಬಿದ್ದದ್ದೇ ಸಾಕು ಬುದ್ಧಿ. ಇವಳ ದೆಸೆಯಿಂದ ಇನ್ನೊಂದ್ ಸಲ ನಾನ್ ಆ ಮೆಟ್ಲು ಹತ್ತಾಕಿಲ್ಲ."

ಅಯ್ಯನವರು ಬಾಗಿಲ ಹಿಂದೆ ನಿಂತಿದ್ದ ದೊಡ್ಡವ್ವನ ಕಡೆ ತಿರುಗಿ, ನಿನ್ನ ಗಂಡನೇ ಬಿಟ್ಟೆ ಅಂದಿದ್ದಾನಲ್ಲ ತಾಯಿ ಅಂದರು. ಅವಳು ಸೆರಗು ಹೊದ್ದು, ತಲೆ ಬಗ್ಗಿಸಿ ಹೇಳಿದ್ದು ಒಂದೇ ಮಾತು.

"ಬರೀ ಬಾಯ್ಮಾತಿಗೆ ಕೂಸಿನ್ ತಲೆ ಒಡ್ಡಾಕಾಯ್ತದಾ ಬುದ್ಧಿ?"

ಆಮೇಲೆ ಅಯ್ಯನವರು ವಯಸ್ಸಾಗಿ ತೀರಿಕೊಂಡರು. ಯಾರಿಗೂ ಆ ಆಣೆ ನೆನಪಿಡುವಂಥ ಮಾತಾಗಿ ಉಳಿಯಲಿಲ್ಲ. ದೊಡ್ಡವ್ವ ನನ್ನ ಜೊತೆ ಮಾತಾಡುತ್ತಿದ್ದಳು, ನಗುತ್ತಿದ್ದಳು, ಬೈಯುತ್ತಿದ್ದಳು. ಹೊರಗಿನವರು ನೋಡಿದರೆ ಏನೂ ಕಡಿಮೆಯಿರಲಿಲ್ಲ. ಆದರೆ ಹಲಸಿನ ಹಣ್ಣು ಬಿಡಿಸಿದರೆ ನನ್ನ ಪಾಲಿನ ತೊಳೆಯನ್ನು ನೆಲದ ಮೇಲಿನ ತಟ್ಟೆಯಲ್ಲಿಟ್ಟು ದೂರ ಸರಿಯುತ್ತಿದ್ದಳು. ನಾನು ಹತ್ತಿರ ಹೋಗಿ ಕೂತರೆ ಮೊಣಕಾಲು ಮಡಿಚಿ ಎದೆಗೆ ಆನಿಸಿಕೊಳ್ಳುತ್ತಿದ್ದಳು, ಮಡಿಲು ಅನ್ನುವುದೇ ಇಲ್ಲದ ಹಾಗೆ. ನಾನು ಅವ್ವನ ಕೈಯಲ್ಲಿ ತಲೆ ಬಾಚಿಸಿಕೊಳ್ಳುವುದನ್ನು ಕಲಿತೆ, ಕೈಯಾರೆ ಉಣ್ಣುವುದನ್ನು ಕಲಿತೆ, ಏನನ್ನೂ ಯಾರನ್ನೂ ಕೇಳದೆ ಇರುವುದನ್ನು ಕಲಿತೆ. ಇವಳಿಗೆ ಯಾರೂ ಬೇಕಿಲ್ಲ, ಕಲ್ಲು ಮನಸ್ಸು ಅಂತ ಆಮೇಲೆ ಗಂಡನ ಮನೆಯವರು ಅಂದದ್ದುಂಟು. ಅನ್ನಲಿ ಬಿಡಿ. ಅವರೇನು ಆ ತೊಟ್ಟಿ ಕಂಡಿದ್ದರೇ.

ಗುಂಡ್ಲುಪೇಟೆ ಕಡೆಗೆ ನನ್ನ ಮದುವೆ ಗೊತ್ತಾದಾಗ ಬಳೆ ತೊಡಿಸಲು ಬಳೆಗಾರ ಬಂದ. ನಮ್ಮ ಊರಿಗೆ ಹೊಸಬ, ಮಾತುಗಾರ. ತೊಟ್ಟಿಯ ಅಂಚಿನಲ್ಲಿ ಬಳೆಯ ಮಲಾರ ಬಿಚ್ಚಿ ಕೂತ. ಹಿರಿಯಳು ಅಂತ ಮೊದಲು ದೊಡ್ಡವ್ವನಿಗೆ ತೊಡಿಸಿದ. ಅವಳ ಕೈ ದೊಡ್ಡದು, ಗೆಣ್ಣು ದಪ್ಪ, ಬಳೆ ಏರಿಸಲು ಅವನು ಹೆಣಗಿದ. ಆಮೇಲೆ ನನ್ನ ಕೈ ಹಿಡಿದು ಬೆರಳು ಮಡಿಚಿ ಒತ್ತಿ ನೋಡಿ, ಒಮ್ಮೆ ಅವಳ ಕಡೆ ನೋಡಿ ನಕ್ಕ.

"ಮಗಳಾ ಅವ್ವ? ಥೇಟ್ ನಿಮ್ದೇ ಕೈ. ಅದೇ ಗೆಣ್ಣು, ಅದೇ ಬೆರಳು."

ಅವ್ವ ಅಲ್ಲೇ ಅರಿಶಿನ ಕಲಸುತ್ತಿದ್ದಳು. ಅವಳ ಕೈ ನಿಂತಿತು. 'ಹೂಂ ಅನ್ನಕ್ಕ, ಒಂದ್ ಸಲ ಹೂಂ ಅನ್ನು' ಅಂತ ಮೆಲ್ಲಗೆ ಅಂದಳು, ನನ್ನನ್ನು ಹೆತ್ತವಳು. ದೊಡ್ಡವ್ವ ನನ್ನ ತಲೆಯನ್ನು ನೋಡಿದಳು. ಮುಡಿಸಿದ್ದ ಮಲ್ಲಿಗೆಯನ್ನಲ್ಲ, ತಲೆಯನ್ನು.

"ನಮ್ ಮೈದನ್ ಮಗಳು ಕಣಪ್ಪ" ಅಂದಳು. "ನಂದಲ್ಲ."

ಬಳೆಗಾರ ತಲೆಯಾಡಿಸಿ ಹಸಿರು ಬಳೆ ಎಣಿಸತೊಡಗಿದ. ಅವನಿಗೆ ಕೇಳಿಸಿತ್ತು. ಆದರೂ ದೊಡ್ಡವ್ವ ಮೇಲೆ ಆಕಾಶದ ಕಡೆ ಮುಖ ಎತ್ತಿ, ಅಲ್ಲಿರುವವನಿಗೆ ಕಿವಿ ಮಂದವೇನೋ ಅನ್ನುವ ಹಾಗೆ, ಇನ್ನೊಂದು ಸಲ ಜೋರಾಗಿ ಹೇಳಿದಳು.

"ನಂದಲ್ಲ ಕಣಪ್ಪ."